ಮಿಂಚೊನ ಡಿಸ್ಕ್ ಹೋದ ವಾರ

ಗಾಬ್ರೊವೊದವರು ಜಿಪುಣರು ಎಂದು ಬಲ್ಗೇರಿಯದ ಮಿಕ್ಕ ಊರಿನವರೆಲ್ಲ ಆಡಿಕೊಳ್ಳುತ್ತಾರೆ. ಗಾಬ್ರೊವೊದವರು ಇದಕ್ಕೆ ಉತ್ತರ ಕೊಡುವುದಿಲ್ಲ. ಸುಮ್ಮನೆ ಮಾತು ಖರ್ಚಾಗುತ್ತದೆ. ಇಂಥ ಊರಿನ ಒಂದು ಹಳೆಯ ಕಾಂಕ್ರೀಟು ವಠಾರದ ನಾಲ್ಕನೆಯ ಮಹಡಿಯಲ್ಲಿದ್ದ ಮಿಂಚೊ ದ್ರಾಗನೊವ್ ಒಂದು ವಿಷಯದಲ್ಲಿ ಮಾತ್ರ ಕರ್ಣನಂಥ ದಾನಿ. ಕಂಪ್ಯೂಟರಿನ ಬಗ್ಗೆ ಯಾರು ಕೇಳಲಿ, ಕೇಳದಿರಲಿ, ಸಲಹೆ ಕೊಡುತ್ತಿದ್ದ.

ಅವನ ಉದ್ಯೋಗ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು. ಆದರೆ ವಠಾರದಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಅವನಿಗೇ ಕರೆ. ಅವನು ಹೋಗಿ, ಕನ್ನಡಕವನ್ನು ಹಣೆಗೇರಿಸಿ, ಯಂತ್ರದ ಮುಂದೆ ಸ್ವಲ್ಪ ಹೊತ್ತು ಗಂಭೀರವಾಗಿ ನಿಂತು, "ಹೂಂ, ನಾನಂದ್ಕೊಂಡಂಗೇ ಆಗಿದೆ" ಎಂದು ಆರಿಸಿ ಮತ್ತೆ ಹಾಕುತ್ತಿದ್ದ. ಅರ್ಧಕ್ಕರ್ಧ ಸಲ ಅದು ಸರಿಹೋಗುತ್ತಿತ್ತು. ಊರಿನ ವೈದ್ಯರಿಗೂ ಇಷ್ಟು ಯಶಸ್ಸು ಇರಲಿಲ್ಲವಾದ್ದರಿಂದ ಜನ ಅವನನ್ನು "ಎಂಜಿನಿಯರ್" ಎನ್ನತೊಡಗಿದರು. ಅವನೂ ಬೇಡ ಅನ್ನಲಿಲ್ಲ.

ಮಿಂಚೊನ ಹೆಂಡತಿ ರಾದ್ಕಾ ಎರಡು ವರ್ಷದಿಂದ ಇಟಲಿಯ ಬೊಲೊನ್ಯಾದಲ್ಲಿದ್ದಳು. ಅಲ್ಲಿ ಎರ್ಸಿಲಿಯಾ ಎಂಬ ಮುದುಕಿಯ ಮನೆಯಲ್ಲಿದ್ದು ಅವಳ ಊಟ, ಔಷಧಿ, ಕೋಪ ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ಪ್ರತಿ ಭಾನುವಾರ ಸಂಜೆ ಗಂಡ ಹೆಂಡತಿ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಪ್ರತಿ ಭಾನುವಾರವೂ ರಾದ್ಕಾ ತಪ್ಪದೆ ಕೇಳುತ್ತಿದ್ದಳು:

"ಫೋಟೋಗಳನ್ನೆಲ್ಲ ಬೇರೆ ಕಡೆ ಇನ್ನೊಂದು ಕಾಪಿ ಮಾಡಿಟ್ಯಾ?"

"ಮಾಡಿಟ್ಟೆ. ಮೂರು ಕಡೆ ಇಟ್ಟಿದೀನಿ. ಯಾರ ಹತ್ರ ಕೇಳ್ತಿದೀಯ ಅನ್ನೋದು ನೆನಪಿರಲಿ!"

ಫೋಟೋಗಳೆಂದರೆ ಅವರ ಮದುವೆ, ಈಗ ಬೇರೆ ಊರಿನಲ್ಲಿ ಓದುತ್ತಿದ್ದ ಮಗಳ ನಾಮಕರಣ, ಸತ್ತುಹೋದ ಅತ್ತೆ ಮಾವ, ಇಡೀ ಸಂಸಾರ. ಮಿಂಚೊ ಅವನ್ನು ಮೂರು ಕಡೆ ಇಟ್ಟಿರಲಿಲ್ಲ, ಎರಡು ಕಡೆಯೂ ಇಟ್ಟಿರಲಿಲ್ಲ. ಅವೆಲ್ಲ ಮೇಜಿನ ಕೆಳಗಿನ ಕಂಪ್ಯೂಟರಿನ ಒಂದೇ ಡಬ್ಬದಲ್ಲಿದ್ದವು.

ಅಕ್ಟೋಬರಿನ ಒಂದು ಸೋಮವಾರ ಬೆಳಿಗ್ಗೆ ಆ ಡಬ್ಬ ಕಟಕಟ ಸದ್ದು ಮಾಡಿತು. ಮಿಂಚೊ ಆರಿಸಿ ಮತ್ತೆ ಹಾಕಿದ. ಕಟಕಟ ಜಾಸ್ತಿಯಾಯಿತು. ಅವನ ವಿದ್ಯೆಯ ಮೊದಲ ಅಧ್ಯಾಯ ಅಲ್ಲಿಗೆ ಮುಗಿಯಿತು. ಎರಡನೆಯ ಅಧ್ಯಾಯವನ್ನು ಅವನು ಓದಿರಲಿಲ್ಲ. ಹಾಗಾಗಿ ಅವನಪ್ಪ ಹಳೇ ರೇಡಿಯೋಗೆ ಮಾಡುತ್ತಿದ್ದ ಚಿಕಿತ್ಸೆಯನ್ನೇ ಮಾಡಿದ. ಮೇಜಿನ ಕೆಳಗೆ ನುಸುಳಿ, ಓಡುತ್ತಿದ್ದ ಯಂತ್ರದ ನೆತ್ತಿಗೆ ಒಂದು ಗುದ್ದು ಕೊಟ್ಟ. ಕಟಕಟ ನಿಂತಿತು. ಉಳಿದದ್ದೂ ನಿಂತಿತು. ಪರದೆಯ ಮೇಲೆ ಡಿಸ್ಕ್ ಕಾಣುತ್ತಿಲ್ಲ ಎಂಬ ಒಂದು ಸಾಲು ಮೂಡಿತು.

"ಅಯ್ಯೋ, ಹೋಯ್ತಲ್ಲಪ್ಪಾ! ನನ್ನ ಡಿಸ್ಕ್ ಹೋಯ್ತಲ್ಲಪ್ಪಾ!" ಎಂದು ಮಿಂಚೊ ಅಂಬೆಗಾಲಿನಲ್ಲಿದ್ದಂತೆಯೇ ಗೋಳಾಡಿದ.

ಇದೇ ಹೊತ್ತಿಗೆ ಎದುರುಮನೆಯ ಟೋಟ್ಕಾ ಒಂದು ಈರುಳ್ಳಿ ಸಾಲ ಕೇಳಲು ಒಳಗೆ ಬಂದಳು. ಟೋಟ್ಕಾ ಮೂವತ್ತು ವರ್ಷ ಜಿಲ್ಲಾ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು. ದುಡಿದದ್ದು ಬಟ್ಟೆ ಒಗೆಯುವ ವಿಭಾಗದಲ್ಲಿ ಎಂಬ ವಿವರವನ್ನು ಅವಳು ಎತ್ತುತ್ತಿರಲಿಲ್ಲ, ವಠಾರದವರೂ ಕೆದಕುತ್ತಿರಲಿಲ್ಲ. ನಾಲ್ಕು ಕಾಲಿನ ಮೇಲೆ ನಿಂತು, ಬೆವರು ಸುರಿಸುತ್ತ, ಡಿಸ್ಕ್ ಡಿಸ್ಕ್ ಎಂದು ಅಳುತ್ತಿದ್ದ ಮಿಂಚೊನನ್ನು ಕಂಡದ್ದೇ ಅವಳಿಗೆ ರೋಗ ತಿಳಿದುಹೋಯಿತು: ಬೆನ್ನುಮೂಳೆಯ ಡಿಸ್ಕ್ ಜಾರಿದೆ.

"ಅಲ್ಲಾಡ್ಬೇಡ! ಮಿಂಚೊ, ಹಾಗೇ ಇರು! ಬೆನ್ನು ನೆಟ್ಟಗೆ ಮಾಡಿದ್ಯೋ ಕಾಲೆರಡೂ ಹೋಗುತ್ತೆ!"

ಮಿಂಚೊ ಗಾಬರಿಯಿಂದ ತಲೆಯೆತ್ತಿದ. ತಲೆ ಮೇಜಿಗೆ ಬಡಿಯಿತು. ಅವನ ಬಾಯಿಂದ ಹೊರಟ ನರಳಾಟ ಅಪ್ಪಟ ಅಸಲಿಯಾಗಿತ್ತು.

"ಟೋಟ್ಕಕ್ಕ, ರಾದ್ಕಾಗೆ ಮಾತ್ರ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಅಯ್ಯೋ ಪುಣ್ಯಾತ್ಮ, ಇಂಥಾ ನೋವಲ್ಲೂ ಹೆಂಡ್ತಿ ಹೆದರ್ತಾಳೆ ಅಂತ ಯೋಚ್ನೆ ಮಾಡ್ತಿದೀಯಲ್ಲೋ!" ಎಂದು ಟೋಟ್ಕಾ ಕಣ್ಣೊರೆಸಿಕೊಂಡಳು.

ಆಗಲೇ ಮಿಂಚೊ "ಕೆಟ್ಟಿರೋದು ಬೆನ್ನಲ್ಲಕ್ಕ, ಕಂಪ್ಯೂಟರು" ಅಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿದು ನಿಮಗೂ ನನಗೂ ಸಮಯ ಉಳಿಯುತ್ತಿತ್ತು. ಆದರೆ ಎಂಜಿನಿಯರ್ ತನ್ನ ಕಂಪ್ಯೂಟರನ್ನೇ ಗುದ್ದಿ ಕೊಂದ ಎಂದು ಒಪ್ಪಿಕೊಳ್ಳುವುದು ಸುಲಭವೇ? ಆ ಸುದ್ದಿ ಬೊಲೊನ್ಯಾ ಮುಟ್ಟಿದರೆ ಮೂರು ಕಡೆ ಇಟ್ಟ ಫೋಟೋಗಳ ಮಾತು ಬರುತ್ತದೆ. ಬೆನ್ನುನೋವಾದರೆ ಯಾರೂ ಏನೂ ಕೇಳುವುದಿಲ್ಲ. ಮಿಂಚೊ ಒಂದು ಕ್ಷಣ ಯೋಚಿಸಿ, ಕೈಯನ್ನು ಸೊಂಟದ ಮೇಲಿಟ್ಟುಕೊಂಡ.

ಮಧ್ಯಾಹ್ನದೊಳಗೆ ಸುದ್ದಿ ಮಹಡಿ ಮಹಡಿ ಇಳಿದು, ಬೀದಿ ದಾಟಿ, ನೀರಿನ ಕಚೇರಿಗೂ ಹೋಗಿ ರಜೆ ಮಂಜೂರು ಮಾಡಿಸಿಕೊಂಡು ವಾಪಸು ಬಂತು. ಮಿಂಚೊ ಬೋರಲು ಮಲಗಿದ್ದ. ಟೋಟ್ಕಾ ಅವನ ಅಂಗಿ ಎತ್ತಿ, ಬೆನ್ನಿಗೆ ರಕಿಯಾ ಸಾರಾಯಿ ಉಜ್ಜಿ, ಮೇಲೆ ಎಲೆಕೋಸಿನ ಎಲೆ ಅಂಟಿಸಿದ್ದಳು. ಎರಡನೆಯ ಮಹಡಿಯಿಂದ ಬನಿತ್ಸಾ ಬಂತು, ಬಿಸಿಬಿಸಿ, ಚೀಸ್ ಕರಗಿ ಅಂಚಿನಿಂದ ಇಳಿಯುತ್ತಿತ್ತು. ಟೋಟ್ಕಾಳ ಮನೆಯಿಂದ ಒಂದು ಪಾತ್ರೆ ಸರ್ಮಿ ಬಂತು. ಬೆನ್ನಿಗೆ ಅಂಟಿಸಿ ಉಳಿದ ಎಲೆಕೋಸಿನಲ್ಲೇ ಅಕ್ಕಿ ಖೀಮಾ ಸುತ್ತಿ ಬೇಯಿಸಿದ್ದಳು. ಗಾಬ್ರೊವೊದಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ.

ಎರಡು ವರ್ಷದಿಂದ ಮೊಟ್ಟೆ ಬೇಯಿಸಿಕೊಂಡು ಬದುಕಿದ್ದ ಮಿಂಚೊಗೆ ರೋಗವೆಂದರೆ ಇಷ್ಟು ರುಚಿಯೆಂದು ಗೊತ್ತಿರಲಿಲ್ಲ.

ಸಂಜೆ ವಠಾರದ ಮೇಲ್ವಿಚಾರಕ ಗ್ರೋಜ್ದಾನ್ ಬಂದ. ಅವನು ದಪ್ಪ ಮೀಸೆಯ ನಿವೃತ್ತ ಸುಬೇದಾರ. ಮೆಟ್ಟಿಲು ಯಾರು ತೊಳೆಯಬೇಕು, ಯಾವ ವಾರ ತೊಳೆಯಬೇಕು ಎಂಬುದನ್ನು ಯುದ್ಧದ ಯೋಜನೆಯಂತೆ ನಡೆಸುತ್ತಿದ್ದ. ಎರಡೂ ಮಂಡಿ ನೋವಿದ್ದರಿಂದ ಅವನು ಪ್ರತಿ ಮಹಡಿಗೂ ಒಮ್ಮೆ ನಿಂತು ಯಾರನ್ನಾದರೂ ಬೈದು ಮೇಲೆ ಬರುತ್ತಿದ್ದ.

"ಈ ವಾರ ಮೆಟ್ಟಿಲು ತೊಳೆಯೋದು ನಿಂದು ಪಾಳಿ ಇತ್ತು, ಎಂಜಿನಿಯರೇ."

"ತೊಳೀತೀನಿ ಅಣ್ಣ. ತೆವಳ್ಕೊಂಡಾದ್ರೂ ತೊಳೀತೀನಿ." ಮಿಂಚೊ ದಿಂಬಿನೊಳಗಿಂದ ಕ್ಷೀಣವಾಗಿ ಹೇಳಿದ.

"ಛೀ, ನಾನೇನು ಕಟುಕನಾ? ನಿನ್ನ ಪಾಳಿ ನಾನು ಕೆಳಗಿನ ಮನೆಯೋರಿಗೆ ಹಾಕ್ದೆ. ನೀನು ಮಲಕ್ಕೋ."

ಹೀಗೆ ಊಟ ಬಂತು, ರಜೆ ಬಂತು, ಪಾಳಿ ತಪ್ಪಿತು. ಭಾನುವಾರವೊಂದು ಮಾತ್ರ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಒಂದು ಕಂಪ್ಯೂಟರ್ ಮೇಜಿನ ಕೆಳಗೆ ಕೂತಿರಬೇಕು.

ಬುಧವಾರ ಟೋಟ್ಕಾ ಮಾರುಕಟ್ಟೆಗೆ ಹೋದದ್ದನ್ನು ಕಿಟಕಿಯಿಂದ ನೋಡಿಕೊಂಡು ಮಿಂಚೊ ಎದ್ದ. ಎಲೆಕೋಸಿನ ಎಲೆಯ ಮೇಲೇ ಕೋಟು ಹಾಕಿಕೊಂಡು ನಾಲ್ಕು ಮಹಡಿ ದಡದಡನೆ ಇಳಿದು, ವಠಾರದ ಬಾಗಿಲಿನಲ್ಲಿ ಮಾತ್ರ ನೆನಪಾಗಿ ಬಗ್ಗಿ, ಬೀದಿಯ ತಿರುವಿನವರೆಗೆ ಸೊಂಟ ಹಿಡಿದುಕೊಂಡು ನಡೆದು, ತಿರುವು ದಾಟಿದ ಮೇಲೆ ಓಡಿದ.

ಸ್ವಿಲೆನ್‌ನ ಕಂಪ್ಯೂಟರ್ ಅಂಗಡಿ ಒಂದು ನೆಲಮಾಳಿಗೆಯಲ್ಲಿತ್ತು. ಮಿಂಚೊ ಒಳಗೆ ಕಾಲಿಟ್ಟದ್ದೇ ಎಂಜಿನಿಯರ್ ಆದ. ಕನ್ನಡಕ ಹಣೆಗೇರಿತು.

"ನಂದು ಡಿಸ್ಕ್ ಹೋಗಿದೆ. ರಿಪೇರಿ ನಾನೇ ಮಾಡ್ತಿದ್ದೆ, ಟೈಮಿಲ್ಲ. ಒಂದು ಬಲವಾದ ಯಂತ್ರ ತೋರ್ಸು."

"ಏನು ಕೆಲಸಕ್ಕೆ ಅಣ್ಣ?"

"ವಿಶ್ಲೇಷಣೆ. ಲೆಕ್ಕಾಚಾರ. ಭಾರೀ ಭಾರೀ ಕೆಲಸ."

ಸ್ವಿಲೆನ್ ಗಾಜಿನ ಕಪಾಟಿನಲ್ಲಿದ್ದ ಹೊಸ ಯಂತ್ರವೊಂದನ್ನು ತೋರಿಸಿದ. ಒಳಗೆ ನೀಲಿ ಕೆಂಪು ದೀಪ ಉರಿಯುತ್ತಿದ್ದವು. ಮಿಂಚೊ ಅದರ ಬೆಲೆ ಕೇಳಿ, ಇಂಥದ್ದು ತನ್ನ ಕಣ್ಣಿಗೆ ಒಳ್ಳೆಯದಲ್ಲ ಎಂದ. ಅದಕ್ಕಿಂತ ಕಡಿಮೆಯದು ತೋರಿಸಿದರೆ ಬಣ್ಣ ಸರಿಯಿಲ್ಲ ಎಂದ. ಇನ್ನೂ ಕಡಿಮೆಯದು ತೋರಿಸಿದರೆ ಅದರ ಬೆಲೆಗೆ ಬಣ್ಣ ಸರಿಯಿಲ್ಲ ಎಂದ. ಗಾಬ್ರೊವೊದಲ್ಲೇ ಹುಟ್ಟಿ ಬೆಳೆದ ಸ್ವಿಲೆನ್ ಬೇಜಾರು ಮಾಡಿಕೊಳ್ಳದೆ ಒಂದು ಸ್ಟೂಲು ಎಳೆದು ಹಾಕಿದ.

"ಅಣ್ಣ, ಬೇಜಾರಾಗ್ಬೇಡಿ. ದಿನಾ ಇದರಲ್ಲಿ ಏನು ಮಾಡ್ತೀರಾ, ನಿಜ ಹೇಳಿ. ವೈದ್ಯರ ಹತ್ರ, ಅಂಗಡಿಯೋನ ಹತ್ರ ಮುಚ್ಚಿಡ್ಬಾರ್ದು."

ಮಿಂಚೊ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಭಾನುವಾರ ಹೆಂಡ್ತಿ ಜೊತೆ ಮಾತಾಡ್ತೀನಿ. ಮಿಕ್ಕ ದಿನ ಇಸ್ಪೀಟು."

"ಅಷ್ಟೇ ತಾನೇ? ಅದಕ್ಕೆ ಜರ್ಮನಿಯಿಂದ ಬರೋ ಹಳೇದು ಸಾಕು. ಅಲ್ಲಿನ ಆಫೀಸುಗಳೋರು ಮೂರು ವರ್ಷ ಬಳಸಿ ಮಾರ್ಬಿಡ್ತಾರೆ. ಕುದುರೆ ಥರ ಓಡುತ್ತೆ."

ಆಮೇಲೆ ಚೌಕಾಸಿ ನಡೆಯಿತು. ಅದರ ವರ್ಣನೆ ಬೇಡ. ಇಬ್ಬರು ಗಾಬ್ರೊವೊದವರ ಚೌಕಾಸಿಯನ್ನು ಬರೆಯಲು ಹೋದರೆ ಕಾಗದದ ಖರ್ಚು ಹೆಚ್ಚಾಗುತ್ತದೆ. ಇನ್ನೂರ ಇಪ್ಪತ್ತು ಲೆವಾಕ್ಕೆ ಇಬ್ಬರೂ ಸುಸ್ತಾಗಿ ಕೈಕುಲುಕಿದರು. ಸಿದ್ಧವಾದ ಮೇಲೆ ಫೋನ್ ಮಾಡುವುದು, ಶನಿವಾರ ಮನೆಗೇ ತಂದು ಜೋಡಿಸುವುದು ಎಂದಾಯಿತು. ಸಾಗಣೆ ಬಿಟ್ಟಿ ಎಂದು ಮಿಂಚೊ ಎರಡು ಸಲ ಹೇಳಿಸಿಕೊಂಡ.

ಗುರುವಾರ ಸಂಜೆ ಮಿಂಚೊನ ಕೋಣೆ ತುಂಬ ಜನ. ಟೋಟ್ಕಾ ಎಲೆ ಬದಲಾಯಿಸಲು ಬಂದಿದ್ದಳು, ಗ್ರೋಜ್ದಾನ್ ಯೋಗಕ್ಷೇಮಕ್ಕೆ ಬಂದಿದ್ದ, ಇನ್ನೂ ನಾಲ್ಕಾರು ಮಂದಿ ಬನಿತ್ಸಾ ಉಳಿದಿದೆಯೇ ನೋಡಲು ಬಂದಿದ್ದರು. ಮಿಂಚೊ ಬಚ್ಚಲಿಗೆ ಹೋಗಿದ್ದಾಗ ದಿಂಬಿನ ಪಕ್ಕದಲ್ಲಿದ್ದ ಅವನ ಫೋನ್ ಹೊಡೆದುಕೊಂಡಿತು. ಟೋಟ್ಕಾ ಎತ್ತಿಕೊಂಡು, ಎಲ್ಲರಿಗೂ ಕೇಳಲಿ ಎಂದು ಜೋರು ಮಾಡಿದಳು.

"ಹಲೋ, ಅಣ್ಣ ಇದಾರಾ? ಅವರ ಡಿಸ್ಕ್ ವಿಷಯಕ್ಕೆ ಮಾಡ್ದೆ," ಎಂದಿತು ಸ್ವಿಲೆನ್‌ನ ದನಿ.

"ಬಚ್ಚಲಲ್ಲಿದಾನೆ. ನಾನು ಟೋಟ್ಕಾ, ಮೂವತ್ತು ವರ್ಷ ಆಸ್ಪತ್ರೇಲಿದ್ದೋಳು. ಏನಿದ್ರೂ ನಂಗೆ ಹೇಳಪ್ಪ."

"ಏನಿಲ್ಲಮ್ಮ, ಹಳೇದು ಪೂರ್ತಿ ಹೋಗಿದೆ ಅಂದ್ರಲ್ಲ, ಅದನ್ನ ರಿಪೇರಿ ಮಾಡ್ಸೋದು ದಂಡ. ಅದಕ್ಕೆ ಜರ್ಮನಿಯದು ರೆಡಿ ಮಾಡಿದೀನಿ ಅಂತ ಹೇಳಿ."

"ಜರ್ಮನಿಯದಾ?"

"ಹೂನಮ್ಮ. ಬಳಸಿದ್ದೇ, ಆದ್ರೆ ಒಳ್ಳೇದು. ಇನ್ಶೂರೆನ್ಸ್ ಆಫೀಸಲ್ಲಿ ಇದ್ದದ್ದು. ಬೆಳಿಗ್ಗೆಯಿಂದ ಸಂಜೆವರೆಗೂ ಕೂತಲ್ಲೇ ಕೆಲಸ. ಶನಿವಾರ ಭಾನುವಾರ ರಜ. ಸವೆದೇ ಇಲ್ಲ."

ಟೋಟ್ಕಾ ಮಂಚದ ಅಂಚಿಗೆ ಕುಸಿದಳು. "ಹಾಗಾದ್ರೆ... ಆ ಆಫೀಸಿನ ಜರ್ಮನಿಯೋರ ಗತಿ?"

"ಅವರಿಗೇನಮ್ಮ, ಹೊಸದು ಹಾಕಿಸ್ಕೊಂಡಿರ್ತಾರೆ. ದುಡ್ಡಿರೋ ಜನ. ಮೂರು ವರ್ಷಕ್ಕೊಂದ್ಸಲ ಬದಲಾಯಿಸ್ತಾರೆ."

ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಟೋಟ್ಕಾ ತನ್ನ ವೃತ್ತಿಯ ಹೊಣೆ ನೆನೆದು ಕೇಳಿದಳು: "ಚೆನ್ನಾಗಿ ತೊಳೆದಿದೀಯಾ?"

"ತೊಳೆಯೋ ಹಾಗಿಲ್ಲಮ್ಮ, ಗಾಳಿ ಹೊಡೆದು ಧೂಳು ತೆಗೆದಿದೀನಿ. ಹಳೇ ಮಾಲೀಕರ ನೆನಪೆಲ್ಲ ಅಳಿಸಿ ಹಾಕಿದೀನಿ, ಒಂದಕ್ಷರ ಉಳಿದಿಲ್ಲ. ಒಂದೇ ತೊಂದ್ರೆ ಅಂದ್ರೆ, ಈಗ ಜರ್ಮನ್ ಭಾಷೇಲೇ ಇದೆ. ಅಲ್ಲಿಗೆ ಬಂದ ಮೇಲೆ ನಮ್ಮ ಭಾಷೆಗೆ ತಿರುಗಿಸಿ ಕೊಡ್ತೀನಿ."

"ಇಲ್ಲಿಗೇ ಬಂದು ಮಾಡ್ತೀಯಾ? ಮನೇಲೇ?"

"ಶನಿವಾರ. ಮೇಜಿನ ಮೇಲೆ ಸ್ವಲ್ಪ ಜಾಗ ಮಾಡಿ, ಸಾಕು. ಅರ್ಧ ಗಂಟೆ ಕೆಲಸ. ಒಂದು ಸ್ಕ್ರೂಡ್ರೈವರ್ ಇದ್ರೆ ಆಯ್ತು."

"ಗ್ಯಾರಂಟಿ?" ಎಂದು ಗ್ರೋಜ್ದಾನ್ ಹಿಂದಿನಿಂದ ಗುಡುಗಿದ.

"ಆರು ತಿಂಗಳು. ಆಮೇಲೆ ದೇವರ ಇಚ್ಛೆ," ಎಂದು ಸ್ವಿಲೆನ್ ಫೋನಿಟ್ಟ.

ಬಚ್ಚಲಿನಿಂದ ಬಂದ ಮಿಂಚೊ ಟೋಟ್ಕಾಳ ಕೈಯಲ್ಲಿ ತನ್ನ ಫೋನ್ ಕಂಡ, ಎಲ್ಲರ ಮುಖ ಕಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. ಎಲ್ಲ ಬಯಲಾಯಿತು, ಕಂಪ್ಯೂಟರಿನ ಕಥೆ ಇವರಿಗೆ ಗೊತ್ತಾಯಿತು ಎಂದೇ ತಿಳಿದು ಗೋಡೆಗೆ ಒರಗಿದ.

"ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ ಗ್ರೋಜ್ದಾನ್. "ಜರ್ಮನಿಯದು. ಬಳಸಿದ್ದು."

"ಇನ್ನೇನು ಮಾಡ್ಲಿ ಹೇಳಿ? ಹೊಸದಕ್ಕೆ ಯಾರಪ್ಪ ದುಡ್ಡು ಕೊಡ್ತಾನೆ? ನನ್ನ ಬಳಕೆ ಎಷ್ಟು ಮಹಾ? ಭಾನುವಾರ ಒಂದು ಗಂಟೆ ರಾದ್ಕಾ ಜೊತೆ ಇದ್ರೆ ಮುಗೀತು, ಮಿಕ್ಕ ದಿನ ಹಾಗೇ ಬಿದ್ದಿರುತ್ತೆ."

ಟೋಟ್ಕಾ ಸೆರಗಿಲ್ಲದ್ದಕ್ಕೆ ಕೈವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಗ್ರೋಜ್ದಾನ್ ಮೀಸೆ ತಿರುವಿದ.

"ಎಷ್ಟಕ್ಕೆ ಮಾತಾಡ್ದೆ?"

"ಇನ್ನೂರ ಇಪ್ಪತ್ತು. ಜೋಡಿಸೋದೂ ಸೇರಿ."

ಈಗ ಕೋಣೆಯಲ್ಲಿ ಬಿದ್ದ ಮೌನ ಬೇರೆ ಬಗೆಯದು. ಅದು ಹೆದರಿಕೆಯ ಮೌನವಲ್ಲ, ಮನಸ್ಸಿನಲ್ಲೇ ಕೂಡಿ ಕಳೆಯುವ ಮೌನ. ಆಸ್ಪತ್ರೆಯಲ್ಲಿ ಹಾಸಿಗೆಯ ಬಾಡಿಗೆಗೇ ಅದಕ್ಕಿಂತ ಹೆಚ್ಚಾಗುತ್ತದೆ.

ಗ್ರೋಜ್ದಾನ್ ಕೆಮ್ಮಿದ. ಮಿಂಚೊನ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದೊಯ್ದ. "ಎಂಜಿನಿಯರೇ, ಅವನ ಹತ್ರ ಮಂಡಿ ಇರುತ್ತಾ?"

"ಮಂಡೀನಾ?"

"ಎರಡು ಬೇಕು. ಒಟ್ಟಿಗೆ ತಗೊಂಡ್ರೆ ಏನಾದ್ರೂ ಬಿಡ್ತಾನಾ ಕೇಳು. ಜರ್ಮನಿಯದೇ ಆಗ್ಬೇಕು ಅಂತೇನಿಲ್ಲ, ಆಸ್ಟ್ರಿಯದ್ದಾದ್ರೂ ನಡೆಯುತ್ತೆ."

ಮಂಡಿ ಎಂಬುದು ಕಂಪ್ಯೂಟರಿನ ಯಾವುದೋ ಭಾಗವಿರಬೇಕೆಂದು ಮಿಂಚೊ ಊಹಿಸಿದ. ಎಂಜಿನಿಯರ್ ಆದವನು ಗೊತ್ತಿಲ್ಲ ಎನ್ನುವುದುಂಟೇ? "ವಿಚಾರಿಸ್ತೀನಿ ಅಣ್ಣ. ಈಗ ಮಂಡಿಗೆ ಬೇಡಿಕೆ ಸ್ವಲ್ಪ ಜಾಸ್ತಿ. ಆದ್ರೆ ಈ ವಿಷಯ ಯಾರ ಕಿವಿಗೂ ಬೀಳ್ಬಾರ್ದು, ರಾದ್ಕಾಗಂತೂ ಬೇಡವೇ ಬೇಡ."

ಎಲ್ಲರೂ ಆಣೆ ಮಾಡಿದರು. ತಾನು ಸುಳ್ಳುಗಾರನೆಂದು ತಿಳಿದೂ ಒಬ್ಬರೂ ಬೈಯಲಿಲ್ಲವಲ್ಲ, ಎಂಥ ದೇವರಂಥ ಜನ ಎಂದುಕೊಂಡು ಮಿಂಚೊ ಮತ್ತೆ ಬೋರಲು ಮಲಗಿದ. ಟೋಟ್ಕಾ ಹೊಸ ಎಲೆ ಅಂಟಿಸಿದಳು. ಗೊತ್ತಾದ ಮೇಲೂ ಎಲೆ ಯಾಕೆ ಎಂಬ ಪ್ರಶ್ನೆ ಅವನಿಗೆ ಹೊಳೆಯುವಷ್ಟರಲ್ಲಿ ಸರ್ಮಿ ಬಂತು.

ಟೋಟ್ಕಾ ಆಣೆಯನ್ನು ತನ್ನ ಮನೆಯ ಬಾಗಿಲಿನವರೆಗೆ ಉಳಿಸಿಕೊಂಡಳು. ಒಳಗೆ ಹೋಗಿ ಬೊಲೊನ್ಯಾಕ್ಕೆ ಫೋನ್ ಮಾಡಿದಳು.

"ರಾದ್ಕಾ, ಮನಸ್ಸು ಗಟ್ಟಿ ಮಾಡ್ಕೊಳೇ. ಶನಿವಾರ ನಿನ್ನ ಗಂಡಂಗೆ ಯಾವನೋ ಜರ್ಮನಿಯೋನ ಬೆನ್ನು ಹಾಕ್ತಿದಾರೆ. ಮೇಜಿನ ಮೇಲೆ. ಸ್ಕ್ರೂಡ್ರೈವರಲ್ಲಿ."

ರಾದ್ಕಾ ಮೊದಲು ಕೇಳಿದ್ದು: "ಎಷ್ಟಕ್ಕಂತೆ?"

ಬೆಲೆ ಕೇಳಿದ ಮೇಲೆ ಅವಳು ನಿಜವಾಗಿ ಹೆದರಿದಳು. ಆ ರಾತ್ರಿಯ ಬಸ್ಸಿಗೇ ಹೊರಟಳು.

ಶನಿವಾರ ಬಂತು. ಬೆಳಿಗ್ಗೆಯೇ ಟೋಟ್ಕಾ ಮಿಂಚೊನ ಮೇಜನ್ನು ಉಜ್ಜಿ ಬಿಳಿಯ ದುಪ್ಪಟಿ ಹಾಸಿದಳು. ಒಲೆಯ ಮೇಲೆ ಎರಡು ಪಾತ್ರೆ ನೀರು ಕುದಿಯುತ್ತಿತ್ತು. ಅವಳ ಮೈಮೇಲೆ ಆಸ್ಪತ್ರೆಯ ಹಳೆಯ ಬಿಳಿ ಕೋಟು. ನುಸಿಗುಳಿಗೆಯ ವಾಸನೆ ಬೀದಿಯವರೆಗೆ ಹೊಡೆಯುತ್ತಿತ್ತು. ಅರಿವಳಿಕೆಯ ಜವಾಬ್ದಾರಿ ಹೊತ್ತಿದ್ದ ಗ್ರೋಜ್ದಾನ್ ಒಂದು ಬಾಟಲಿ ರಕಿಯಾ ತಂದಿದ್ದ. ಔಷಧಿ ಸರಿಯಾಗಿದೆಯೇ ಎಂದು ಅದರಲ್ಲಿ ಅರ್ಧವನ್ನು ತಾನೇ ಪರೀಕ್ಷಿಸಿದ್ದ. ಮೆಟ್ಟಿಲ ಮೇಲೆ ಕೆಳಗಿನವರೆಗೂ ಜನ: ಸೊಂಟದವರು, ಭುಜದವರು, ಒಬ್ಬ ಹಲ್ಲಿನವನು.

ಒಂದು ಕಂಪ್ಯೂಟರ್ ನೋಡಲು ಇಷ್ಟು ಜನವೇ ಎಂದು ಮಿಂಚೊನ ಎದೆ ಉಬ್ಬಿತು.

ಸ್ವಿಲೆನ್ ಎದೆಗೆ ರಟ್ಟಿನ ಪೆಟ್ಟಿಗೆ ಅವಚಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದ. ಜನ ಗೌರವದಿಂದ ದಾರಿ ಬಿಟ್ಟರು. ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ ಟೋಟ್ಕಾ ಪಿಸುಗುಟ್ಟಿದಳು:

"ಐಸಲ್ಲಿ ಇಟ್ಟಿದೀಯೇನಪ್ಪ?"

"ಐಸ್ ಯಾಕಮ್ಮ? ಫ್ಯಾನ್ ಇದೆಯಲ್ಲ ಒಳಗೆ. ಎಲ್ಲಿ, ಹಳೇ ಡಿಸ್ಕ್ ತೋರ್ಸಿ, ಅದನ್ನೂ ಒಂದ್ಸಲ ನೋಡೇಬಿಡೋಣ."

ಟೋಟ್ಕಾ ಸರಕ್ಕನೆ ಮಿಂಚೊನ ಕತ್ತು ಹಿಡಿದು ಬಗ್ಗಿಸಿ, ಅಂಗಿ ಎತ್ತಿದಳು. "ಇಲ್ಲಿದೆ. ನೋಡು."

ಸ್ವಿಲೆನ್ ನೋಡಿದ. ಒಂದು ಅಗಲವಾದ ಬೆನ್ನು. ಅದರ ಮೇಲೆ ಒಂದು ಎಲೆಕೋಸಿನ ಎಲೆ. ಅಂಗಡಿಯಲ್ಲಿ ಅವನು ಗಿರಾಕಿಗಳು ತಂದ ಏನೇನನ್ನೋ ನೋಡಿದ್ದ, ಕಾಫಿ ಚೆಲ್ಲಿದ್ದು, ಇರುವೆ ಗೂಡು ಕಟ್ಟಿದ್ದು. ಇದು ಹೊಸದು.

"ಇದ್ಯಾವ ಮಾಡಲ್ ಅಣ್ಣ?" ಎಂದ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಟೋಟ್ಕಾ ಬೆನ್ನು ಎಂದಳು, ಸ್ವಿಲೆನ್ ಕಂಪ್ಯೂಟರ್ ಎಂದ, ಗ್ರೋಜ್ದಾನ್ "ಮಂಡಿ ತಂದಿದೀಯೋ ಇಲ್ವೋ ಅಷ್ಟು ಹೇಳು" ಎಂದ. ಕೊನೆಗೆ ಸ್ವಿಲೆನ್ ಪೆಟ್ಟಿಗೆ ಬಿಚ್ಚಿ ಕರಿಯ ಡಬ್ಬವೊಂದನ್ನು ಬಿಳಿಯ ದುಪ್ಪಟಿಯ ಮೇಲಿಟ್ಟ. ವಠಾರ ಅದನ್ನು ನೋಡಿತು, ಮೇಜಿನ ಕೆಳಗಿನ ಹಳೆಯ ಡಬ್ಬವನ್ನು ನೋಡಿತು, ಮಿಂಚೊನನ್ನು ನೋಡಿತು. ಅರ್ಥವಾಯಿತು.

"ಹಾಗಾದ್ರೆ ನಿನ್ನ ಬೆನ್ನು ಕಲ್ಲುಗುಂಡಿನ ಹಾಗಿದೆ ಅನ್ನು," ಎಂದಳು ಟೋಟ್ಕಾ. ದನಿ ತಣ್ಣಗಿತ್ತು. "ಐದು ದಿನ ನನ್ನ ಕೈಲಿ ಬೆನ್ನು ಉಜ್ಜಿಸ್ಕೊಂಡ್ಯಲ್ಲೋ, ನಿನ್ನ ಮನೆ ಹಾಳಾಗ! ಎಲ್ಲಿ ನನ್ನ ಸರ್ಮಿ? ಕಕ್ಕು!"

"ನಿಮಗೆಲ್ಲ ಗೊತ್ತಾಯ್ತು ಅಂದ್ಕೊಂಡಿದ್ದೆ..."

"ಮಂಡಿಗೆ ಬೇಡಿಕೆ ಜಾಸ್ತಿ ಅಂದ್ಯಲ್ಲೋ!" ಗ್ರೋಜ್ದಾನ್ ರಕಿಯಾ ಬಾಟಲಿಯನ್ನು ಮೇಜಿಗೆ ಕುಕ್ಕಿದ. "ನಾನು ಎರಡು ದಿನದಿಂದ ಕನಸಲ್ಲಿ ಮೆಟ್ಟಿಲು ಹತ್ತುತ್ತಿದೀನಿ! ಬರೋ ವಸಂತದವರೆಗೂ ಈ ಮೆಟ್ಟಿಲು ನೀನೇ ತೊಳೀತೀಯ. ಇದು ತೀರ್ಪು."

ಅಷ್ಟರಲ್ಲಿ ಮೆಟ್ಟಿಲ ಮೇಲಿನ ಜನ ಅತ್ತಿತ್ತ ಸರಿದರು. ಬಾಗಿಲಲ್ಲಿ ರಾದ್ಕಾ ನಿಂತಿದ್ದಳು. ಕೈಯಲ್ಲಿ ಚೀಲ, ಕಣ್ಣು ಕೆಂಪು, ಕೂದಲಿಗೆ ಒಂದೂವರೆ ದಿನದ ಬಸ್ಸು ಪ್ರಯಾಣದ ಕಳೆ. ಅವಳು ಬಿಳಿಯ ದುಪ್ಪಟಿಯನ್ನೂ ಕುದಿಯುವ ನೀರನ್ನೂ ಕೋಟಿನ ಟೋಟ್ಕಾಳನ್ನೂ ನೋಡಿ, ಕೊನೆಗೆ ಅಂಗಿಯೆತ್ತಿ ಬಗ್ಗಿ ನಿಂತ ಗಂಡನನ್ನು ನೋಡಿದಳು.

"ಬದುಕಿದೀಯಾ?"

"ಬದುಕಿದೀನಿ ಕಣೇ. ಸತ್ತಿರೋದು ಕಂಪ್ಯೂಟರು." ಮಿಂಚೊ ನೆಟ್ಟಗಾದ. ಎಲೆ ಜಾರಿ ನೆಲಕ್ಕೆ ಬಿತ್ತು. ಇಷ್ಟು ಜನರೆದುರು ಮಾನ ಹೋಗಿದೆ, ಉಳಿದದ್ದೂ ಹೋಗಲಿ ಎಂದು ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. "ನಾನೇ ಗುದ್ದಿ ಸಾಯಿಸ್ದೆ. ಫೋಟೋಗಳು ಮೂರು ಕಡೆ ಇಲ್ಲ. ಎಲ್ಲೂ ಇಲ್ಲ. ಹೋಯ್ತು. ನಮ್ಮ ಮದುವೆ, ಮಗು, ನಿಮ್ಮಮ್ಮ, ಎಲ್ಲಾ ಹೋಯ್ತು."

ಗ್ರೋಜ್ದಾನ್ ಉಳಿದ ರಕಿಯಾವನ್ನು ಅವನ ಕೈಗೆ ಕೊಟ್ಟ.

ರಾದ್ಕಾ ಚೀಲವನ್ನು ಕೆಳಗಿಟ್ಟಳು. ಅದರ ಪಕ್ಕದ ಜೇಬಿನಿಂದ ಹೆಬ್ಬೆರಳಷ್ಟು ದೊಡ್ಡ ಪೆನ್ ಡ್ರೈವ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಇಟಲಿಗೆ ಹೋಗೋಕ್ಮುಂಚೇನೇ ನಾನೇ ಕಾಪಿ ಮಾಡ್ಕೊಂಡಿದ್ದೆ. ನಿನ್ನ ಕೈಲಾಗೋ ಕೆಲಸ ಯಾವುದು ಅಂತ ನಂಗೊತ್ತಿಲ್ವಾ?"

"ಮತ್ತೆ ಪ್ರತಿ ಭಾನುವಾರ ಯಾಕೆ ಕೇಳ್ತಿದ್ದೆ?"

"ಎಷ್ಟು ವರ್ಷ ಸುಳ್ಳು ಹೇಳ್ತೀಯ ಅಂತ ನೋಡೋಣ ಅಂತ."

ವಠಾರ ಮಿಂಚೊನ ಮೇಲಿನ ಕೋಪ ಮರೆತು ಚಪ್ಪಾಳೆ ತಟ್ಟಿತು. ರಾದ್ಕಾ ಆ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ಬೂಟು ಕಳಚಿದಳು. ಪಾದಗಳು ಊದಿಕೊಂಡಿದ್ದವು. ಟೋಟ್ಕಾ ಕುದಿಯುತ್ತಿದ್ದ ನೀರಿಗೆ ತಣ್ಣೀರು ಬೆರೆಸಿ ತಂದಿಟ್ಟಳು. ಕೊನೆಗೂ ಅದು ಉಪಯೋಗಕ್ಕೆ ಬಂತು. ಪಾದ ನೀರಿಗಿಳಿಯುತ್ತಿದ್ದಂತೆ ರಾದ್ಕಾ ಕಣ್ಣು ಮುಚ್ಚಿದಳು. "ಎರಡು ವರ್ಷದಲ್ಲಿ ಒಂದು ದಿನ ರಜ ಕೊಟ್ಟಿಲ್ಲ ಆ ಮುದುಕಿ. ಗಂಡಂಗೆ ಆಪರೇಷನ್ ಅಂದಿದ್ದಕ್ಕೆ ಬಿಟ್ಲು, ಅದೂ ಮಂಗಳವಾರದವರೆಗೆ. ಅವಳ ಮಗಳನ್ನ ಕೂರಿಸಿ ಬಂದಿದೀನಿ."

ರಾದ್ಕಾ ಒಂದು ಕಣ್ಣು ತೆರೆದು ಗಂಡನನ್ನು ಅಳೆಯುವಂತೆ ನೋಡಿದಳು.

"ಡಿಸ್ಕ್ ಆಪರೇಷನ್ ಆದ್ರೆ ಎಷ್ಟು ದಿನ ಆರೈಕೆ ಬೇಕು ಟೋಟ್ಕಕ್ಕ?"

"ಮೂರು ವಾರ," ಎಂದಳು ಟೋಟ್ಕಾ, ಮೂವತ್ತು ವರ್ಷದ ಅನುಭವದಿಂದ.

"ಹಾಗಾದ್ರೆ ಆಪರೇಷನ್ ಆಗಿದೆ," ಎಂದಳು ರಾದ್ಕಾ.

ಭಾನುವಾರ ಸಂಜೆ ಜರ್ಮನ್ ಯಂತ್ರ ಮೊದಲ ಸಲ ಬೊಲೊನ್ಯಾಕ್ಕೆ ಕರೆ ಮಾಡಿತು. ಕ್ಯಾಮೆರಾದ ಮುಂದೆ ಮಂಚ ಎಳೆದಿದ್ದರು. ಮಿಂಚೊ ಬಿಳಿಯ ದುಪ್ಪಟಿ ಹೊದ್ದು ಮಲಗಿದ್ದ. ನಿನ್ನೆ ಸುಳ್ಳು ನರಳಿದ್ದಕ್ಕೆ ಅವನಿಗೆ ಶಾಪ ಹಾಕಿದ್ದ ವಠಾರವೇ ಇವತ್ತು ಅವನಿಗೆ ನರಳುವುದನ್ನು ಹೇಳಿಕೊಟ್ಟಿತ್ತು. ಬಿಳಿ ಕೋಟಿನ ಟೋಟ್ಕಾ ಅವನ ತೋಳು ಹಿಡಿದು ನಾಡಿ ನೋಡುತ್ತಿದ್ದಳು. ಕಾಲ ಬಳಿ ಗ್ರೋಜ್ದಾನ್ ಟೋಪಿ ತೆಗೆದು ತಲೆ ಬಗ್ಗಿಸಿ ನಿಂತಿದ್ದ.

ಪರದೆಯ ಮೇಲೆ ಸಿನ್ಯೋರಾ ಎರ್ಸಿಲಿಯಾ ಮೂಡಿದಳು. ಗಿಳಿಮೂಗು, ಕೊರಳಲ್ಲಿ ಮುತ್ತಿನ ಸರ, ಹದ್ದಿನ ಕಣ್ಣು. ರಾದ್ಕಾ ಇಟಾಲಿಯನ್‌ನಲ್ಲಿ ಬಿಕ್ಕುತ್ತ ಬಹಳ ಹೊತ್ತು ವಿವರಿಸಿ, ಮೂರು ಬೆರಳು ತೋರಿಸಿದಳು. ಅದು ಸೂಚನೆ. ಮಿಂಚೊ ನರಳಿದ.

ಮುದುಕಿ ಪರದೆಗೆ ಮುಖವಿಟ್ಟು ಅವನನ್ನು ನೋಡಿದಳು. ಆಮೇಲೆ ನಿಧಾನವಾಗಿ ಏನೋ ಹೇಳಿದಳು. ರಾದ್ಕಾಳ ಅಳು ಅರ್ಧಕ್ಕೇ ನಿಂತಿತು.

"ಏನಂತೆ?" ಎಂದು ಟೋಟ್ಕಾ ತುಟಿ ಅಲ್ಲಾಡಿಸದೆ ಕೇಳಿದಳು.

"ತಾನು ಹದಿನೈದು ವರ್ಷದಿಂದ ನರಳ್ತಿದೀನಿ, ನರಳಾಟದ ವಿಷಯ ತನಗೆ ಹೇಳ್ಕೊಡ್ಬೇಡಿ ಅಂತಾಳೆ. ಡಿಸ್ಕ್ ಹೋದೋನು ಕಾಲ ಮೇಲೆ ಕಾಲು ಹಾಕ್ಕೊಂಡು ಮಲಗಲ್ಲ ಅಂತೆ. ನಾಡಿ ನೋಡೋದು ಮಣಿಕಟ್ಟಲ್ಲಿ, ಮೊಣಕೈಯಲ್ಲಲ್ಲ ಅಂತ ಆ ಡಾಕ್ಟರಮ್ಮಂಗೆ ಹೇಳು ಅಂತಾಳೆ."

ಟೋಟ್ಕಾ ತೋಳನ್ನು ಬಿಸಿ ಕೆಂಡದಂತೆ ಬಿಟ್ಟಳು.

"ಮತ್ತೆ?" ಎಂದ ಗ್ರೋಜ್ದಾನ್.

"ಮೂರು ವಾರ ಆಗಲ್ಲ, ಎರಡು ವಾರ ಅಂತೆ. ಮಗಳ ಕೈ ಅಡುಗೆ ಅದಕ್ಕಿಂತ ಜಾಸ್ತಿ ದಿನ ತಿನ್ನೋಕಾಗಲ್ವಂತೆ. ಬರುವಾಗ ಒಂದು ಬಾಟ್ಲಿ ಗುಲಾಬಿ ಜಾಮ್ ತರ್ಬೇಕಂತೆ."

ಮಿಂಚೊಗೆ ಇಟಾಲಿಯನ್ ಬರುತ್ತಿರಲಿಲ್ಲ. ಹೆಂಡತಿಯ ಪಿಸುಮಾತು ದುಪ್ಪಟಿಯೊಳಕ್ಕೆ ಕೇಳಿಸಿರಲಿಲ್ಲ. ಅವನಿಗೆ ಕಂಡದ್ದು ಮುದುಕಿಯ ಗಂಟುಮುಖ ಮಾತ್ರ. ರಜ ಸಿಗುತ್ತಿಲ್ಲ, ತನ್ನ ನರಳಾಟ ಸಾಲದಾಯಿತು, ರಾದ್ಕಾ ಮಂಗಳವಾರವೇ ಹೊರಟುಹೋಗುತ್ತಾಳೆ ಎಂದು ತಿಳಿದು ಅವನು ಎದೆಯಾಳದಿಂದ ಉಸಿರೆಳೆದುಕೊಂಡ.

"ಅಯ್ಯಯ್ಯೋ! ಅಮ್ಮಾ! ನನ್ನ ಡಿಸ್ಕ್!" ಎಂದು ಕಿಟಕಿಯ ಗಾಜು ಅದುರುವಂತೆ ಕೂಗಿ, ಬಿಲ್ಲಿನಂತೆ ಬಾಗಿ ಮೇಲೆದ್ದು, ದುಪ್ಪಟಿ ಸಮೇತ ಮಂಚದಿಂದ ಗ್ರೋಜ್ದಾನ್‌ನ ಕಾಲ ಮೇಲೆ ಉರುಳಿದ.

ಬೊಲೊನ್ಯಾದಲ್ಲಿ ಏನೋ ಬಿದ್ದ ಸದ್ದಾಯಿತು. ಪರದೆಯ ಮೇಲೆ ಈಗ ಸಿನ್ಯೋರಾ ಇರಲಿಲ್ಲ, ಅವಳ ಮನೆಯ ಚಾವಣಿ ಮಾತ್ರ ಕಾಣುತ್ತಿತ್ತು. ಎಲ್ಲರೂ ಗಾಬರಿಯಿಂದ ಮುಂದೆ ಬಗ್ಗಿದರು. ಚಾವಣಿಯ ಕಡೆಯಿಂದ ಮುದುಕಿಯ ನಗು ಕೇಳಿಬಂತು. ಕೆಮ್ಮುತ್ತ, ಉಸಿರು ಕಟ್ಟುತ್ತ, ಮತ್ತೆ ಶುರುವಾಗುತ್ತ ಬಹಳ ಹೊತ್ತು ನಡೆಯಿತು. ನಡುವೆ ಒಂದು ಮಾತು ಬಂತು.

"ಮೂರು ವಾರ!" ಎಂದು ರಾದ್ಕಾ ಕಿರುಚಿ, ನೆಲದಲ್ಲಿ ದುಪ್ಪಟಿಗೆ ಸುತ್ತಿಕೊಂಡು ಬಿದ್ದಿದ್ದ ಗಂಡನ ಮೇಲೆ ಬಿದ್ದಳು.

ಗ್ರೋಜ್ದಾನ್ ಮಂಡಿ ನೀವಿಕೊಳ್ಳುತ್ತ ಆ ಕರಿಯ ಡಬ್ಬದ ಹತ್ತಿರ ಹೋಗಿ ಕಿವಿಗೊಟ್ಟ. ನಗು ಇನ್ನೂ ಬರುತ್ತಿತ್ತು, ಪಕ್ಕದ ಕೋಣೆಯಲ್ಲೇ ಯಾರೋ ನಕ್ಕಷ್ಟು ಸ್ಪಷ್ಟವಾಗಿ.

"ಇನ್ನೂರ ಇಪ್ಪತ್ತಕ್ಕೆ ಮೋಸ ಇಲ್ಲ," ಎಂದು ಅವನು ಒಪ್ಪಿಕೊಂಡ.